ಸರ್ಕಾರದ ಅನುದಾನದಲ್ಲಿ ಹುಡುಗರನ್ನು ವಿದೇಶಕ್ಕೆ ಕಳಿಸುವುದು: ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಸಣ್ಣ ಸಂಸ್ಥೆಗಳಿಗೆ ಸಮಗ್ರ ಮಾರ್ಗದರ್ಶಿ

ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. "ಸರ್, ಅಮೆರಿಕದವರು ಯೂತ್ ಲೀಡರ್‌ಶಿಪ್‌ಗೆ ಗ್ರ್ಯಾಂಟ್ ಕರೆದಿದ್ದಾರಂತೆ, ನಮ್ಮ ಟ್ರಸ್ಟಿನಿಂದ ಹಾಕಬಹುದಾ? ಇನ್ನೂ ಹತ್ತು ದಿನ ಟೈಮ್ ಇದೆ." ಹತ್ತು ದಿನದಲ್ಲಿ ಆಗುವ ಕೆಲಸ ಇದಲ್ಲ. ಹತ್ತು ತಿಂಗಳಿದ್ದರೂ ಕಾಗದಪತ್ರ ನೆಟ್ಟಗಿರದಿದ್ದರೆ ಆಗುವುದಿಲ್ಲ.

ನಾನು ವಿಜಯಪುರದ ಒಂದು ಸಣ್ಣ ಟ್ರಸ್ಟಿನಲ್ಲಿದ್ದೇನೆ. ನಾವು ಎರಡು ಸಲ ಪ್ರಯತ್ನಪಟ್ಟು ಎರಡೂ ಸಲ ಬಿದ್ದೆವು. ಬರೆದದ್ದು ಚೆನ್ನಾಗಿರಲಿಲ್ಲ ಅಂತ ಬಿದ್ದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ನಮ್ಮ ಪ್ರಸ್ತಾವನೆಯನ್ನು ಯಾರೂ ಓದಲೇ ಇಲ್ಲ, ಅದಕ್ಕೂ ಮೊದಲೇ ಕಾಗದದಲ್ಲಿ ಸಿಕ್ಕಿಬಿದ್ದೆವು. ಹಾಗಾಗಿ ಈ ಬರಹದಲ್ಲಿ ಪ್ರಸ್ತಾವನೆ ಬರೆಯುವುದಕ್ಕಿಂತ ಅದರ ಹಿಂದಿನ ಕೆಲಸವೇ ಜಾಸ್ತಿ ಇದೆ.

ಮೊದಲ ಪ್ರಶ್ನೆ: ದುಡ್ಡು ಯಾರ ಕೈಗೆ ಬರಬೇಕು?

ಇದೊಂದನ್ನು ತೀರ್ಮಾನಿಸಿದರೆ ಅರ್ಧ ಗೊಂದಲ ಹೋಗುತ್ತದೆ. ನಿಮ್ಮೂರಿನ ನಾಲ್ಕು ಹುಡುಗ ಹುಡುಗಿಯರು ಹೊರಗೆ ಹೋಗಿ ಬರಬೇಕು ಅನ್ನುವುದಷ್ಟೇ ಆಸೆ ಇದ್ದರೆ, ದುಡ್ಡು ನಿಮ್ಮ ಟ್ರಸ್ಟಿನ ಖಾತೆಗೆ ಬರಬೇಕಾದ ಅಗತ್ಯವೇ ಇಲ್ಲ. ಸರ್ಕಾರವೇ ಅವರನ್ನು ಆರಿಸಿ, ಸರ್ಕಾರವೇ ಟಿಕೆಟ್ ತೆಗೆಸುವ ದಾರಿಗಳಿವೆ. ನಾವೇ ಕಾರ್ಯಕ್ರಮ ರೂಪಿಸಬೇಕು, ನಾವೇ ನಡೆಸಬೇಕು, ಅಲ್ಲಿಯವರೂ ಇಲ್ಲಿಗೆ ಬರಬೇಕು ಅಂದರೆ ಮಾತ್ರ ಸಂಸ್ಥೆಗೆ ಅನುದಾನ ಬೇಕು. ಆಗ ವಿದೇಶಿ ಹಣದ ಕಾನೂನು ಎದುರಿಗೆ ಬಂದು ನಿಲ್ಲುತ್ತದೆ. ನಮ್ಮ ಕಡೆಯ ಬಹಳ ಸಂಸ್ಥೆಗಳು ಮೊದಲನೆಯದು ಸಾಕಾಗಿದ್ದಾಗಲೂ ಎರಡನೆಯದರ ಹಿಂದೆ ಬೀಳುತ್ತವೆ. ಗ್ರ್ಯಾಂಟ್ ಅನ್ನುವ ಶಬ್ದಕ್ಕೇ ಒಂದು ರುಚಿ ಇದೆ ನೋಡಿ.

ನೇರ ದಾರಿ: ಹುಡುಗರೇ ಅರ್ಜಿ ಹಾಕುವುದು

ಎಲ್ಲರೂ ಮರೆಯುವ ದಾರಿ ಎನ್‌ಸಿಸಿ. ಎನ್‌ಸಿಸಿಯ ಯೂತ್ ಎಕ್ಸ್‌ಚೇಂಜ್ ಪ್ರೋಗ್ರಾಂನಲ್ಲಿ ನಮ್ಮ ಕೆಡೆಟ್‌ಗಳು ಬೇರೆ ದೇಶಗಳಿಗೆ ಹೋಗುತ್ತಾರೆ, ಅಲ್ಲಿಯವರು ಜನವರಿಯಲ್ಲಿ ದೆಹಲಿಯ ಗಣರಾಜ್ಯೋತ್ಸವ ಶಿಬಿರಕ್ಕೆ ಬರುತ್ತಾರೆ. ಹೋಗುವವರನ್ನು ಆರಿಸುವುದೂ ಅದೇ ಶಿಬಿರ ಮುಟ್ಟಿದ ಕೆಡೆಟ್‌ಗಳಿಂದ. ಅಂದರೆ ಕಾಲೇಜಿನ ಘಟಕ, ಆಮೇಲೆ ಗ್ರೂಪ್, ಆಮೇಲೆ ಕರ್ನಾಟಕ ಮತ್ತು ಗೋವಾ ಡೈರೆಕ್ಟರೇಟ್, ಆಮೇಲೆ ದೆಹಲಿ. ನಮಗೆ ಗ್ರೂಪ್ ಹೆಡ್‌ಕ್ವಾರ್ಟರ್ಸ್ ಬೆಳಗಾವಿಯಲ್ಲೇ ಇದೆ. ಪಿಯುಸಿ ಮೊದಲ ವರ್ಷದಲ್ಲೇ ಸೇರಿಸಿ. ಡಿಗ್ರಿ ಕೊನೆಯ ವರ್ಷದಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಕೇಂದ್ರದ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯವೂ ಬೇರೆ ಬೇರೆ ದೇಶಗಳ ಜೊತೆ ಯುವ ನಿಯೋಗಗಳ ವಿನಿಮಯ ನಡೆಸುತ್ತದೆ. ಇದಕ್ಕೆ ಹೆಸರು ಹೋಗುವುದು ಸಾಮಾನ್ಯವಾಗಿ ಎನ್‌ಎಸ್‌ಎಸ್, ಹಿಂದಿನ ನೆಹರು ಯುವ ಕೇಂದ್ರದಂಥ ಕಡೆ ದುಡಿದವರದು. 2023ರ ಅಕ್ಟೋಬರ್ 31ಕ್ಕೆ ಶುರುವಾದ ಮೈ ಭಾರತ್ ಪೋರ್ಟಲ್‌ನಲ್ಲಿ 15ರಿಂದ 29 ವಯಸ್ಸಿನವರು ಉಚಿತವಾಗಿ ಹೆಸರು ನೋಂದಾಯಿಸಬಹುದು. ಹೆಸರು ಹಾಕಿ ಸುಮ್ನೆ ಕೂತರೆ ಯಾರೂ ಕರೆಯುವುದಿಲ್ಲ. ಮಾಡಿದ ಕೆಲಸದ ದಾಖಲೆ ಅಲ್ಲಿ ಸೇರುತ್ತಾ ಹೋಗಬೇಕು.

ಇನ್ನು ವಿದೇಶಿ ಸರ್ಕಾರಗಳು. ಅಮೆರಿಕದ ವಿದೇಶಾಂಗ ಇಲಾಖೆ 2002ರಲ್ಲಿ ಶುರು ಮಾಡಿದ ಕೆನಡಿ-ಲೂಗರ್ ಯೂತ್ ಎಕ್ಸ್‌ಚೇಂಜ್ ಆ್ಯಂಡ್ ಸ್ಟಡಿ ಹೈಸ್ಕೂಲ್ ವಯಸ್ಸಿನವರಿಗೆ. ಅದರಲ್ಲಿ ಆಯ್ಕೆಯಾದವರು ಒಂದು ಶಾಲಾ ವರ್ಷ ಅಮೆರಿಕದ ಒಂದು ಮನೆಯಲ್ಲಿದ್ದು ಅಲ್ಲಿಯ ಶಾಲೆಗೆ ಹೋಗುತ್ತಾರೆ. ಭಾರತದ ಮಕ್ಕಳೂ ಹೋಗಿ ಬಂದಿದ್ದಾರೆ. ಜಪಾನ್ ಸರ್ಕಾರ ಹಲವು ದೇಶಗಳ ಯುವಕರನ್ನು ಒಂದೇ ಹಡಗಿನಲ್ಲಿ ಕೂರಿಸಿ ನಡೆಸುವ ಶಿಪ್ ಫಾರ್ ವರ್ಲ್ಡ್ ಯೂತ್‌ನಲ್ಲೂ ಭಾರತ ಭಾಗವಹಿಸಿದೆ. ಆದರೆ ಯಾವ ದೇಶಕ್ಕೆ ಯಾವ ವರ್ಷ ಕರೆ ಬರುತ್ತದೆ ಅನ್ನುವುದು ಬದಲಾಗುತ್ತಲೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪೋಸ್ಟರ್ ನಂಬಬೇಡಿ, ಆ ದೇಶದ ರಾಯಭಾರ ಕಚೇರಿಯ ಪುಟದಲ್ಲಿ ಕಂಡಿದ್ದನ್ನು ಮಾತ್ರ ನಂಬಿ. ಯೂರೋಪಿನ ಎರಾಸ್ಮಸ್ ಪ್ಲಸ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದರ 13ರಿಂದ 30 ವಯಸ್ಸಿನವರ ಯೂತ್ ಎಕ್ಸ್‌ಚೇಂಜ್ ಯೂರೋಪಿನ ದೇಶಗಳಿಗೆ ಮತ್ತು ಅವುಗಳ ನೆರೆಯವರಿಗೆ, ನಮಗಲ್ಲ. ನಮ್ಮವರು ಹೋಗುವುದು ಎರಾಸ್ಮಸ್ ಮುಂಡಸ್‌ಗೆ, ಅದು ಸ್ನಾತಕೋತ್ತರ ಓದು, ಬೇರೆಯೇ ವಿಷಯ.

ಹೀಗೆ ಸ್ಕಾಲರ್‌ಶಿಪ್ ಆಗಿ ವಿದ್ಯಾರ್ಥಿಗೇ ನೇರವಾಗಿ ಸಿಗುವ ಹಣಕ್ಕೆ ನಿಮ್ಮ ಸಂಸ್ಥೆಯ ನೋಂದಣಿಯ ಗೊಡವೆ ಇಲ್ಲ. ಇಷ್ಟೇ ಸಾಕು ಅನ್ನುವವರು ಮುಂದಿನ ಐದು ಭಾಗ ಬಿಟ್ಟು ಪಾಸ್‌ಪೋರ್ಟ್ ವಿಷಯಕ್ಕೆ ಹೋಗಬಹುದು.

ಎಫ್‌ಸಿಆರ್‌ಎ: ಇದಿಲ್ಲದೆ ಒಂದು ಡಾಲರ್ ಕೂಡ ಮುಟ್ಟಬೇಡಿ

ವಿದೇಶಿ ಸರ್ಕಾರವೂ ಕಾನೂನಿನ ಪ್ರಕಾರ ವಿದೇಶಿ ಮೂಲವೇ. "ಅದೇನು ಖಾಸಗಿ ದಾನಿ ಅಲ್ಲವಲ್ಲ, ಸರ್ಕಾರ ಅಲ್ವಾ" ಅಂತ ನಮ್ಮ ಅಧ್ಯಕ್ಷರೇ ವಾದ ಮಾಡಿದ್ದರು. ಸರ್ಕಾರವಾದರೂ ಅಷ್ಟೇ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ ಅಂದರೆ ಇದೇ) ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು, ಇಲ್ಲವೇ ಪೂರ್ವಾನುಮತಿ ಬೇಕು.

ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು. ಜೊತೆಗೆ ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಮೂಲ ಉದ್ದೇಶದ ಕೆಲಸಕ್ಕೇ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಮ್ಮ ಕಡೆಯ ಯುವಕ ಸಂಘಗಳು ಮುಗ್ಗರಿಸುವುದು ಇಲ್ಲೇ. ಬೇಸಿಗೆ ಶಿಬಿರಕ್ಕೆ ಒಬ್ಬರು ಅಕ್ಕಿ ಕೊಟ್ಟರು, ಇನ್ನೊಬ್ಬರು ಪೆಂಡಾಲ್ ಹಾಕಿಸಿದರು, ಮಠದಲ್ಲಿ ಊಟ ಆಯಿತು. ಕೆಲಸ ನಡೆದದ್ದು ನಿಜ, ಆದರೆ ಲೆಕ್ಕದಲ್ಲಿ ಒಂದು ರೂಪಾಯಿ ಇಲ್ಲ. ಇನ್ನು ಮುಂದೆ ಯಾರೇ ಸಹಾಯ ಮಾಡಿದರೂ ಹಣವನ್ನು ಬ್ಯಾಂಕಿನ ಮೂಲಕ ಪಡೆದು, ರಸೀದಿ ಕೊಟ್ಟು, ಖರ್ಚನ್ನೂ ಸಂಸ್ಥೆಯ ಹೆಸರಿನ ಬಿಲ್ಲಿನಲ್ಲೇ ತೋರಿಸಿ. ಮೂರು ವರ್ಷ ಹೀಗೆ ನಡೆಸಿದರೆ ಆಡಿಟ್ ವರದಿಯೇ ನಿಮ್ಮ ಪರ ಮಾತಾಡುತ್ತದೆ.

ಅರ್ಜಿ ಆನ್‌ಲೈನ್, ಎಫ್‌ಸಿ-3ಎ ನಮೂನೆ. ಪದಾಧಿಕಾರಿಗಳ ಆಧಾರ್, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಕೇಂದ್ರ ಸರ್ಕಾರದ ದರ್ಪಣ್ ಪೋರ್ಟಲ್‌ನ ಸಂಖ್ಯೆ, ಮೂರು ವರ್ಷದ ಆಡಿಟ್, ಕೆಲಸದ ವರದಿ, ಬೈಲಾ ಅಥವಾ ಟ್ರಸ್ಟ್ ಡೀಡ್ ಬೇಕು. ಹಣ ಬರುವುದು ಒಂದೇ ಜಾಗಕ್ಕೆ: ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ತೆರೆಯುವ ಎಫ್‌ಸಿಆರ್‌ಎ ಖಾತೆ. ಊರಿನ ಶಾಖೆಗೆ ಅಲ್ಲಿಂದ ವರ್ಗಾಯಿಸಿಕೊಳ್ಳಬಹುದು, ಆದರೆ ಮೊದಲು ಬೀಳಬೇಕಾದ್ದು ಅಲ್ಲೇ. ಅರ್ಜಿ ಹಾಕಿದ ಮೇಲೆ ವಿಚಾರಣೆಗೆ ಜನ ಬರಬಹುದು. ಗಾಬರಿಯಾಗಬೇಡಿ. ಕಚೇರಿಗೆ ಒಂದು ಬೋರ್ಡ್, ಒಳಗೆ ಠರಾವಿನ ಪುಸ್ತಕ ಮತ್ತು ಲೆಕ್ಕದ ಪುಸ್ತಕ, ಕೇಳಿದ್ದಕ್ಕೆ ಉತ್ತರ ಹೇಳುವ ಒಬ್ಬರು ಇರಲಿ.

ಪೂರ್ವಾನುಮತಿ ಸುಲಭ ಅಂತ ಕೆಲವು ಏಜೆಂಟರು ಹೇಳುತ್ತಾರೆ. ಅದು ಒಂದು ದಾನಿ, ಒಂದು ಯೋಜನೆ, ಒಂದು ಮೊತ್ತಕ್ಕೆ ಮಾತ್ರ ಸಿಗುವ ಅನುಮತಿ. ದಾನಿಯ ಬದ್ಧತಾ ಪತ್ರ ಮೊದಲು ಬೇಕು. ದಾನಿ ಮಾತ್ರ "ನಿಮ್ಮ ಎಫ್‌ಸಿಆರ್‌ಎ ತೋರಿಸಿ, ಆಮೇಲೆ ಪತ್ರ" ಅನ್ನುತ್ತಾನೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂದಹಾಗೆ.

ಆಗ ಎಲ್ಲರೂ ಯೋಚಿಸುವ ಒಳದಾರಿ ಒಂದಿದೆ: ಎಫ್‌ಸಿಆರ್‌ಎ ಇರುವ ದೊಡ್ಡ ಶಿಕ್ಷಣ ಸಂಸ್ಥೆಯ ಹೆಸರಿನಲ್ಲಿ ಹಣ ತರಿಸಿ ನಮ್ಮ ಖಾತೆಗೆ ಹಾಕಿಸಿಕೊಳ್ಳೋಣ. ಬೇಡ. 2020ರ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆ ಇನ್ನೊಂದಕ್ಕೆ ನೋಂದಣಿ ಇದ್ದರೂ ಇಲ್ಲ. ಸರಿಯಾದ ರೀತಿ ಏನೆಂದರೆ, ದೊಡ್ಡ ಸಂಸ್ಥೆಯೇ ಅರ್ಜಿದಾರ, ಅದೇ ಖರ್ಚು ಮಾಡುವವರು, ಬಸ್ಸು, ಊಟ, ಟಿಕೆಟ್ ಎಲ್ಲ ಬಿಲ್ ಅವರ ಹೆಸರಿಗೆ, ನೀವು ಯುವಕರನ್ನು ಹುಡುಕುವ, ಊರು ತೋರಿಸುವ, ಕಾರ್ಯಕ್ರಮ ಕಟ್ಟುವ ಜೊತೆಗಾರರು. ಇದರಲ್ಲಿ ನಿಮ್ಮ ಟ್ರಸ್ಟಿಗೆ ದುಡ್ಡು ಬರುವುದಿಲ್ಲ, ಅನುಭವ ಮತ್ತು ಹೆಸರು ಬರುತ್ತದೆ. ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಅದೇ ಒಳ್ಳೆಯದು.

ಬಿಜಾಪುರವೋ ವಿಜಯಪುರವೋ

ನಮ್ಮ ಎರಡನೇ ಸೋಲಿನ ಕತೆ ಇದು. ತಪ್ಪು ಪೂರ್ತಿ ನಮ್ಮದೇ.

2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಲ್ಗಾಂ ಬೆಳಗಾವಿಯಾಯಿತು. ಅದಕ್ಕೂ ಮೊದಲು ನೋಂದಣಿಯಾದ ನಮ್ಮ ಟ್ರಸ್ಟ್ ಡೀಡಿನಲ್ಲಿ ಬಿಜಾಪುರ, ಪ್ಯಾನ್‌ನಲ್ಲಿ ಬಿಜಾಪುರ, ಬ್ಯಾಂಕಿನಲ್ಲಿ ವಿಜಯಪುರ, ದರ್ಪಣ್‌ನಲ್ಲಿ ಇಂಗ್ಲಿಷಿನ ವಿಜಯಪುರ ಆದರೆ ಕೊನೆಯಲ್ಲಿ ಒಂದು ಎ ಜಾಸ್ತಿ. ನಮಗೆ ಇದೆಲ್ಲ ಒಂದೇ ಊರು. ಅಮೆರಿಕದ ಕಂಪ್ಯೂಟರ್‌ಗೆ ಮೂರು ಊರು. ಬಾಗಲಕೋಟೆಯವರದ್ದು ಇನ್ನೊಂದು ರಗಳೆ, ಇಂಗ್ಲಿಷಿನಲ್ಲಿ ಕೊನೆಗೆ ಇ ಹಾಕುವವರು ಅರ್ಧ, ಹಾಕದವರು ಅರ್ಧ. ಮೇಲೆ ನವನಗರದ ಸೆಕ್ಟರ್ ನಂಬರ್ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ.

ಏನು ಮಾಡಬೇಕು? ಒಂದು ಹಾಳೆ ತೆಗೆದುಕೊಂಡು ಸಂಸ್ಥೆಯ ಹೆಸರು ಮತ್ತು ವಿಳಾಸ ಪ್ರತಿ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಅಕ್ಷರ ಅಕ್ಷರ ಬರೆಯಿರಿ. ಟ್ರಸ್ಟ್ ಡೀಡ್ ಅಥವಾ ನೋಂದಣಿ ಪತ್ರ, ಪ್ಯಾನ್, ಆದಾಯ ತೆರಿಗೆ ವಿನಾಯಿತಿಯ 12ಎ ಆದೇಶ, ಬ್ಯಾಂಕ್ ಪಾಸ್‌ಬುಕ್, ದರ್ಪಣ್, ಕರೆಂಟ್ ಬಿಲ್. ಒಂದು ರೂಪ ಆರಿಸಿ, ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ಉಳಿದದ್ದನ್ನೆಲ್ಲ ಅದಕ್ಕೆ ತಿದ್ದಿಸಿ. ಪ್ಯಾನ್ ಬೇಗ ಆಗುತ್ತದೆ, ಬ್ಯಾಂಕು ಎರಡು ಸಲ ಓಡಾಡಿಸುತ್ತದೆ. ಈ ಕೆಲಸಕ್ಕೆ ಯಾವ ಗ್ರ್ಯಾಂಟಿನ ಕರೆಗೂ ಕಾಯಬೇಕಿಲ್ಲ, ನಾಳೆಯೇ ಶುರು ಮಾಡಬಹುದು.

ಅಮೆರಿಕದ ಕಡೆಯ ನೋಂದಣಿ, ಮತ್ತು ಯಾರು ಅರ್ಜಿ ಹಾಕಬಹುದು ಅನ್ನುವುದು

ಅನುದಾನಕ್ಕೆ ಅರ್ಜಿ ಕೇಳುವ ಕರೆಯನ್ನು ನೋಟಿಸ್ ಆಫ್ ಫಂಡಿಂಗ್ ಆಪರ್ಚುನಿಟಿ ಅನ್ನುತ್ತಾರೆ, ಅಮೆರಿಕ ಸರ್ಕಾರದ ಗ್ರ್ಯಾಂಟ್ಸ್ ಡಾಟ್ ಗವ್ ಜಾಲತಾಣದಲ್ಲಿ ಬರುತ್ತದೆ. ತೆರೆದ ಕೂಡಲೇ ಮೊತ್ತ ನೋಡಬೇಡಿ, ಅರ್ಹತೆ ಅನ್ನುವ ಭಾಗ ನೋಡಿ. ವಿದೇಶಾಂಗ ಇಲಾಖೆಯ ಶೈಕ್ಷಣಿಕ ಮತ್ತು ಸಾಂಸ್ಕೃತಿಕ ವಿಭಾಗದ ದೊಡ್ಡ ಯುವ ವಿನಿಮಯ ಅನುದಾನಗಳಿಗೆ ಸಾಮಾನ್ಯವಾಗಿ ಅಮೆರಿಕದ ಲಾಭರಹಿತ ಸಂಸ್ಥೆಗಳೇ ಅರ್ಹರು. ಅಲ್ಲಿ ನೀವು ಅರ್ಜಿದಾರರಲ್ಲ, ಬೇಕಾದರೆ ಇಲ್ಲಿನ ಪಾಲುದಾರರು. ಪಾಲುದಾರರಾಗಿ ಅವರಿಂದ ಹಣ ಪಡೆದರೂ ಅದು ವಿದೇಶಿ ವಂತಿಗೆಯೇ, ಮತ್ತೆ ಎಫ್‌ಸಿಆರ್‌ಎ. ಭಾರತದಲ್ಲಿರುವ ಅಮೆರಿಕದ ರಾಯಭಾರ ಕಚೇರಿ ಮತ್ತು ಕಾನ್ಸುಲೇಟುಗಳು ಕೊಡುವ ಸಣ್ಣ ಅನುದಾನಗಳಿಗೆ ಭಾರತೀಯ ಸಂಸ್ಥೆಗಳೂ ಹಾಕಬಹುದಾದ ಕರೆಗಳು ಬಂದಿವೆ. ನಮಗೆ ಹೊಂದುವುದು ಅವು.

ಹಾಕಲು ಯುಇಐ ಅನ್ನುವ ಗುರುತಿನ ಸಂಖ್ಯೆ ಬೇಕು. 2022ರ ಏಪ್ರಿಲ್‌ವರೆಗೆ ಡನ್ಸ್ ಸಂಖ್ಯೆ ಇತ್ತು, ಹಳೆಯ ಮಾರ್ಗದರ್ಶಿಗಳಲ್ಲಿ ಇನ್ನೂ ಅದೇ ಇದೆ, ಅದನ್ನು ಬಿಟ್ಟುಬಿಡಿ. ಅಮೆರಿಕದ ಹೊರಗಿನ ಸಂಸ್ಥೆಗಳು ಮೊದಲು ಎನ್‌ಕೇಜ್ ಅನ್ನುವ ಇನ್ನೊಂದು ಗುರುತಿನ ಕೋಡ್ ಪಡೆದು, ಆಮೇಲೆ ಅಮೆರಿಕ ಸರ್ಕಾರದ ನೋಂದಣಿ ಜಾಲತಾಣವಾದ ಸ್ಯಾಮ್ ಡಾಟ್ ಗವ್‌ನಲ್ಲಿ ನೋಂದಣಿ ಮುಗಿಸಬೇಕು. ಎರಡರಲ್ಲೂ ಹೆಸರು, ವಿಳಾಸ ಒಂದೇ ಇರಬೇಕು. ನಾವು ಸಿಕ್ಕಿಬಿದ್ದದ್ದು ಇಲ್ಲೇ. ಒಂದರಲ್ಲಿ ಡೀಡ್ ನೋಡಿ ಬರೆದಿದ್ದೆವು, ಇನ್ನೊಂದರಲ್ಲಿ ಪಾಸ್‌ಬುಕ್ ನೋಡಿ. ತಿದ್ದಿಸುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. ಎಲ್ಲವೂ ಉಚಿತ. "ನಿಮ್ಮ ಸ್ಯಾಮ್ ನೋಂದಣಿ ಮುಗಿಯುತ್ತಿದೆ, ಇಷ್ಟು ಡಾಲರ್ ಕಟ್ಟಿ" ಅಂತ ಬರುವ ಮೇಲ್ ಸರ್ಕಾರದ್ದಲ್ಲ.

ಏನು ಬರೆಯಬೇಕು

"ಯುವಕರಲ್ಲಿ ನಾಯಕತ್ವ ಗುಣ ಬೆಳೆಸುವುದು" ಅಂತ ಬರೆದರೆ ಆ ವಾಕ್ಯ ಧಾರವಾಡದ್ದೋ ಢಾಕಾದ್ದೋ ಗೊತ್ತಾಗುವುದಿಲ್ಲ. ನಿಮ್ಮ ಜಿಲ್ಲೆಯಲ್ಲಿ ಮಾತ್ರ ಇರುವ ಒಂದು ಸಂಗತಿ ಹಿಡಿಯಿರಿ, ಅದಕ್ಕೆ ಆ ದೇಶದಲ್ಲೂ ಒಂದು ಜೋಡಿ ಹುಡುಕಿ.

ಉದಾಹರಣೆಗೆ ಹಳೇ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಊರಿನ ಒಂದಿಷ್ಟು ಭಾಗ ಹೋಗಿ ನವನಗರ ಎದ್ದದ್ದು, ಅಣೆಕಟ್ಟಿನ ಎತ್ತರ 519.60 ಮೀಟರ್‌ನಿಂದ 524ಕ್ಕೆ ಏರಿದರೆ ಇನ್ನಷ್ಟು ಹೋಗುತ್ತದೆ ಅನ್ನುವುದು ಅಲ್ಲಿಯ ಚಹಾ ಅಂಗಡಿಯಲ್ಲೂ ಮಾತು. ಅಮೆರಿಕದ ಟೆನೆಸೀ ಕಣಿವೆಯಲ್ಲಿ 1933ರಲ್ಲಿ ಕೆಲಸ ಶುರುವಾದ ನಾರಿಸ್ ಅಣೆಕಟ್ಟಿಗೆ ಸಾವಿರಾರು ಕುಟುಂಬಗಳು ಎದ್ದು ಹೋದವು, ಲಾಯ್‌ಸ್ಟನ್ ಅನ್ನುವ ಊರು ಪೂರ್ತಿ ಮುಳುಗಿತು. ಊರು ಬಿಟ್ಟವರ ಮೊಮ್ಮಕ್ಕಳು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಹತ್ತು ಹುಡುಗರು ಇಲ್ಲಿ ಅಜ್ಜ ಅಜ್ಜಿಯರ ಮಾತು ದಾಖಲಿಸಿ, ಅಲ್ಲಿಗೆ ಹೋಗಿ ಅವರ ದಾಖಲೆ ನೋಡಿ, ಬಂದು ನವನಗರದಲ್ಲಿ ಒಂದು ಪ್ರದರ್ಶನ ಮಾಡುತ್ತಾರೆ ಅಂದರೆ ಓದುವವರಿಗೆ ಚಿತ್ರ ಕಾಣುತ್ತದೆ. ವಿಜಯಪುರದವರಿಗೆ ಆದಿಲಶಾಹಿ ಕಾಲದ ನೆಲದಡಿಯ ನೀರಿನ ಸುರಂಗಗಳಿವೆ. ಬೆಳಗಾವಿಯವರಿಗೆ ಕನ್ನಡ ಮರಾಠಿ ಎರಡೂ ಮಾತಾಡುವ ಗಲ್ಲಿಗಳಿವೆ, ಎರಡು ಭಾಷೆಯ ಊರಿನಲ್ಲಿ ಒಟ್ಟಿಗೆ ಬದುಕುವುದು ಹೇಗೆ ಅನ್ನುವುದಕ್ಕಿಂತ ದೊಡ್ಡ ನಾಯಕತ್ವದ ಪಾಠ ಯಾವುದಿದೆ? ಆದರೆ ಗಡಿ ರಾಜಕೀಯದ ಕಡೆ ಹೋಗಬೇಡಿ. ವಿದೇಶಿ ಹಣ ಮತ್ತು ರಾಜಕೀಯ ಎರಡೂ ಸೇರಿದರೆ ನೋಂದಣಿಗೇ ಕುತ್ತು.

ಎಷ್ಟು ಜನ, ಎಷ್ಟು ದಿನ, ಮುಗಿದ ಮೇಲೆ ಏನು ಉಳಿಯುತ್ತದೆ, ಅದನ್ನು ಹೇಗೆ ಅಳೆಯುತ್ತೀರಿ, ಇಷ್ಟು ಸ್ಪಷ್ಟವಿರಲಿ. ಮಕ್ಕಳ ಸುರಕ್ಷತೆಯ ನಿಯಮಾವಳಿ ಒಂದು ಬೇರೆ ಪುಟದಲ್ಲಿ ಇರಲೇಬೇಕು.

ಬಜೆಟ್

ಸಿಬ್ಬಂದಿ, ಪ್ರಯಾಣ, ಸಾಮಗ್ರಿ, ಗುತ್ತಿಗೆ, ಇತರೆ, ಪರೋಕ್ಷ ಖರ್ಚು, ಹೀಗೆ ಅವರದೇ ಕಾಲಂಗಳಿವೆ. ನಮ್ಮವರು ಮರೆಯುವುದು ಊರಿನಿಂದ ವಿಮಾನದವರೆಗಿನ ಖರ್ಚು. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ವೀಸಾ ಸಂದರ್ಶನಕ್ಕೆ ಚೆನ್ನೈ ಅಥವಾ ಹೈದರಾಬಾದ್, ಜೊತೆಗೆ ಅಪ್ಪನೋ ಅವ್ವನೋ ಒಬ್ಬರು, ಒಂದು ರಾತ್ರಿ ಲಾಡ್ಜ್. ಬರೆಯದಿದ್ದರೆ ಅದು ಆ ಮನೆಯವರ ಮೇಲೆ ಬೀಳುತ್ತದೆ, ಬಡ ಮನೆಯ ಮಗು ಅಲ್ಲೇ ಹಿಂದೆ ಸರಿಯುತ್ತದೆ.

ಫ್ಲೈ ಅಮೆರಿಕ ಅನ್ನುವ ನಿಯಮ ಗೊತ್ತಿರಲಿ. ಅಮೆರಿಕ ಸರ್ಕಾರದ ದುಡ್ಡಿನ ಟಿಕೆಟ್ ಅಮೆರಿಕದ ವಿಮಾನ ಕಂಪನಿಯದ್ದೇ ಆಗಬೇಕು, ಅಥವಾ ಅವರ ಕೋಡ್‌ಶೇರ್, ಅಂದರೆ ವಿಮಾನ ಬೇರೆ ಕಂಪನಿಯದ್ದಾದರೂ ಟಿಕೆಟ್ ಅಮೆರಿಕದ ಕಂಪನಿಯ ಹೆಸರಿನದ್ದು, ಆಗಬೇಕು. ಕೆಲವು ವಿನಾಯಿತಿಗಳಿವೆ, ಆದರೆ ಅಗ್ಗ ಅನ್ನುವುದು ವಿನಾಯಿತಿ ಅಲ್ಲ. ಅಗ್ಗ ಸಿಕ್ಕಿತು ಅಂತ ಕೊಲ್ಲಿ ದೇಶದ ವಿಮಾನ ಹತ್ತಿಸಿದರೆ ಆ ಖರ್ಚನ್ನು ತಳ್ಳಿಹಾಕಬಹುದು. ಕಚೇರಿ ನಡೆಸುವಂಥ ಪರೋಕ್ಷ ಖರ್ಚಿಗೆ ಅಮೆರಿಕದ ಅನುದಾನದಲ್ಲಿ ಸಿಗುವ ಸರಳ ದರ 2024ರ ಅಕ್ಟೋಬರ್‌ನಿಂದ ಗರಿಷ್ಠ 15 ಶೇಕಡ. ನಮ್ಮ ಎಫ್‌ಸಿಆರ್‌ಎ ಆಡಳಿತ ಖರ್ಚಿಗೆ 20 ಶೇಕಡದ ಮಿತಿ ಹಾಕುತ್ತದೆ. ಎರಡೂ ಬೇರೆ ಲೆಕ್ಕ, ಎರಡನ್ನೂ ಪಾಲಿಸಬೇಕು. ಈ ಪುಟವನ್ನು ನಿಮ್ಮ ಸಿಎ ಕೂತು ನೋಡಲಿ.

ಅನುದಾನದ ಒಪ್ಪಂದಕ್ಕೆ ಸಹಿ ಆಗುವ ಮೊದಲು ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ. 2025ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ವಿನಿಮಯ ಕಾರ್ಯಕ್ರಮಗಳ ಹಣವನ್ನೇ ಕೆಲಕಾಲ ತಡೆಹಿಡಿದಿತ್ತು. ಮಂಜೂರಾದವರೇ ಅಲ್ಲಿ ಪರದಾಡಿದರು.

ಪಾಸ್‌ಪೋರ್ಟ್, ವೀಸಾ, ಮನೆಯವರು

ಅಡ್ಡಹೆಸರು ನಮ್ಮ ಕಡೆಯ ದೊಡ್ಡ ತಲೆನೋವು. ಆಧಾರ್‌ನಲ್ಲಿ ಹೆಸರು ಮೊದಲು ಬಿರಾದಾರ ಆಮೇಲೆ, ಮಾರ್ಕ್ಸ್ ಕಾರ್ಡಿನಲ್ಲಿ ಬಿರಾದಾರ ಮೊದಲು, ಜನನ ಪ್ರಮಾಣ ಪತ್ರದಲ್ಲಿ ಅಡ್ಡಹೆಸರೇ ಇಲ್ಲ. ಆಯ್ಕೆ ಮಾಡುವ ಮುನ್ನವೇ ಎಲ್ಲರ ಕಾಗದ ತರಿಸಿ ನೋಡಿ. ಪಾಸ್‌ಪೋರ್ಟಿಗೆ ಹುಬ್ಬಳ್ಳಿಯ ಸೇವಾ ಕೇಂದ್ರ ಅಥವಾ ಬೆಳಗಾವಿಯ ಅಂಚೆ ಕಚೇರಿಯ ಕೇಂದ್ರಕ್ಕೆ ಹೋಗಬಹುದು. ವಯಸ್ಕರಿಗೆ ಸಾಮಾನ್ಯ ಶುಲ್ಕ 1500 ರೂಪಾಯಿ. 18 ತುಂಬದವರಿಗೆ ತಂದೆ ತಾಯಿಯ ಒಪ್ಪಿಗೆ ಪತ್ರ ಬೇಕು.

ಅಮೆರಿಕದ ವಿನಿಮಯಕ್ಕೆ ಜೆ-1 ವೀಸಾ. ಕಾರ್ಯಕ್ರಮ ನಡೆಸುವವರು ಡಿಎಸ್-2019 ಪತ್ರ ಕಳಿಸುತ್ತಾರೆ. ಅಲ್ಲಿಯ ಸರ್ಕಾರದ ಹಣದಲ್ಲಿ ಹೋದವರಿಗೆ ಎರಡು ವರ್ಷದ ಷರತ್ತು ಅನ್ವಯಿಸುತ್ತದೆ: ವಾಪಸ್ ಬಂದು ಎರಡು ವರ್ಷ ಇಲ್ಲಿದ್ದ ಮೇಲೇ ಎಚ್-1ಬಿ ತರಹದ ಕೆಲಸದ ವೀಸಾ ಅಥವಾ ಗ್ರೀನ್ ಕಾರ್ಡ್. ಇದನ್ನು ಮನೆಯವರಿಗೆ ಮೊದಲೇ ಹೇಳಿ. ಮುಂದೆ ಎಂಎಸ್, ನೌಕರಿ ಅಂತ ಕನಸು ಕಂಡವರು ಆಮೇಲೆ ನಿಮ್ಮನ್ನೇ ಬಯ್ಯುತ್ತಾರೆ.

ಹುಡುಗಿಯರ ಮನೆಗೆ ನೀವೇ ಹೋಗಿ, ಫೋನಿನಲ್ಲಿ ಮುಗಿಸಬೇಡಿ. ಯಾರ ಮನೆಯಲ್ಲಿ ಇರುತ್ತಾಳೆ, ಊಟ ಏನು, ಆರಾಮ ತಪ್ಪಿದರೆ ಯಾರು ನೋಡುತ್ತಾರೆ, ಈ ಮೂರಕ್ಕೆ ಉತ್ತರ ಇಟ್ಟುಕೊಂಡು ಹೋಗಿ. ಜೊತೆಗೆ ಒಬ್ಬ ಮಹಿಳಾ ಶಿಕ್ಷಕಿ ಬಂದರೆ ಅರ್ಧ ಅನುಮಾನ ಹೊಸ್ತಿಲಲ್ಲೇ ಹೋಗುತ್ತದೆ. ಅಲ್ಲಿಯವರು ಇಲ್ಲಿಗೆ ಬಂದು ನಿಮ್ಮವರ ಮನೆಯಲ್ಲಿ ಉಳಿದರೆ, ಆ ಮಾಹಿತಿಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ಕೊಡಬೇಕು. ಹೋಟೆಲಿಗಷ್ಟೇ ಅಲ್ಲ, ಮನೆಗೂ ಈ ನಿಯಮ ಇದೆ.

ಹಣ ಬಂದ ಮೇಲೆ

ಬೋರ್ಡಿಂಗ್ ಪಾಸ್‌ನ ಚೂರು ಕೂಡ ಎಸೆಯದಂತೆ ಹುಡುಗರಿಗೆ ಹೇಳಿ, ಒಬ್ಬೊಬ್ಬರಿಗೆ ಒಂದು ಪ್ಲಾಸ್ಟಿಕ್ ಕವರ್ ಕೊಡಿ. ಎಫ್‌ಸಿಆರ್‌ಎ ಹಣಕ್ಕೆ ಪ್ರತ್ಯೇಕ ಲೆಕ್ಕದ ಪುಸ್ತಕ ಇಡಿ, ಊರಿನ ದೇಣಿಗೆಯ ಜೊತೆ ಬೆರೆಸಬೇಡಿ. ವರ್ಷದ ವಿವರವನ್ನು ಎಫ್‌ಸಿ-4ರಲ್ಲಿ ಡಿಸೆಂಬರ್ 31ರೊಳಗೆ ಸಲ್ಲಿಸಬೇಕು, ಆ ವರ್ಷ ಒಂದು ರೂಪಾಯಿ ಬರದಿದ್ದರೂ ಸಲ್ಲಿಸಬೇಕು. ಎಫ್‌ಸಿಆರ್‌ಎ ನೋಂದಣಿ ಐದು ವರ್ಷಕ್ಕೆ ಮುಗಿಯುತ್ತದೆ, ಸ್ಯಾಮ್ ನೋಂದಣಿ ಒಂದೇ ವರ್ಷಕ್ಕೆ. ನಮ್ಮ ಕಚೇರಿಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆಯ ಪಕ್ಕದಲ್ಲೇ ಈ ದಿನಗಳಿಗೂ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿದ್ದೇವೆ.